ಎದುರಿಗೆ ಕೂತು ಬೀಸುವವರು

1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಗ್ರಹ ಹೊರಬಂತು. ಹಾಡುಗಳನ್ನು ಕೂಡಿಸಿದವರನ್ನು ಕನ್ನಡ ಲೋಕ ಗುರುತಿಸಿದ್ದು ‘ಹಲಸಂಗಿ ಗೆಳೆಯರು’ ಎಂಬ ಒಟ್ಟು ಹೆಸರಿನಿಂದ. ಬಿ.ಎಂ.ಶ್ರೀ., ಬೇಂದ್ರೆಯವರಂಥ ಹಿರಿಯರು ಆ ಪುಸ್ತಕಕ್ಕೆ ತಮ್ಮ ಮಾತು ಬರೆದುಕೊಟ್ಟರು. ಹಲಸಂಗಿ ಆಗ ಇಂಡಿ ತಾಲೂಕಿನ ಹಳ್ಳಿ, ಈಗ ಚಡಚಣ ತಾಲೂಕಿನದು. ಸುತ್ತ ಜೋಳದ ಹೊಲ, ಬಡಗಣಕ್ಕೆ ಭೀಮೆ. ಹೊಳೆ ದಾಟಿದರೆ ಸೋಲಾಪುರ ಜಿಲ್ಲೆ. ಅಂಥ ಊರಿನಿಂದ ಬಂದ ಪುಸ್ತಕವೊಂದು ಮೈಸೂರು, ಧಾರವಾಡಗಳ ವಿದ್ವಾಂಸರನ್ನು ಕೂತು ಕೇಳುವಂತೆ ಮಾಡಿತು ಎಂಬುದು ಸಾಹಿತ್ಯ ಚರಿತ್ರೆಯ ಮಾತಾಯಿತು. ನಾನು ಇದನ್ನು ಎತ್ತಿಕೊಂಡದ್ದು ಬೇರೆ ಕಾರಣಕ್ಕೆ. ಗುಂಪಿನಲ್ಲಿದ್ದೂ ಮನುಷ್ಯ ತನ್ನತನ ಉಳಿಸಿಕೊಳ್ಳಬಲ್ಲನೇ ಎಂಬ ಹಳೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನಮ್ಮ ಕಡೆ ನನಗೆ ಸಿಕ್ಕಿಲ್ಲ.

ಗೆಳೆಯರು ಯಾರು ಯಾರು ಎಂದರೆ, ಮಧುರಚೆನ್ನ ಎಂಬ ಹೆಸರಿನಲ್ಲಿ ಬರೆದ ಚೆನ್ನಮಲ್ಲಪ್ಪ ಗಲಗಲಿ, ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ. ಎಲ್ಲರೂ ಎಳೆಯರು. ಪುಸ್ತಕ ಬಂದಾಗ ಮಧುರಚೆನ್ನರಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ, ಲಿಂಗಣ್ಣನವರಿಗೆ ಇಪ್ಪತ್ತಾರು. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ಮುಗಿದಿತ್ತು. ಲಿಂಗಣ್ಣ ಕನ್ನಡ ಶಾಲೆಯ ಮಾಸ್ತರರು. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿಯ ಗತ್ತು, ಪೇಟೆಯ ಲೆಕ್ಕ, ಓದಿದವರ ಠೀವಿ ಎಲ್ಲ ಮರಾಠಿಯ ಕಡೆ ವಾಲಿದ ಸೀಮೆ ಇದು. ಅಂಥಲ್ಲಿ ಓದಿದ ಹುಡುಗರು ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಪದಗಳನ್ನು ಕೇಳಿ ಕೇಳಿ ಬರೆದುಕೊಳ್ಳುವುದು ಮರ್ಯಾದೆಯ ಕೆಲಸವಾಗಿರಲಿಲ್ಲ. ‘ಗಂಡಸರಾಗಿ ಹೆಂಗಸರ ಹಾಡಿನ ಬೆನ್ನು ಹತ್ಯಾವು’ ಎಂದು ಕಟ್ಟೆಯ ಮೇಲಿನವರು ನಕ್ಕಿರಲಿಕ್ಕೇ ಬೇಕು. ಯಾವ ಊರಿನ ಕಟ್ಟೆಯಾದರೂ ಅಷ್ಟು ಮಾಡದೆ ಬಿಡದು.

ಕಾಲವೂ ಬೇರೆ ಇತ್ತು. ಸ್ವಾತಂತ್ರ್ಯ ಚಳವಳಿಯ ನಡುವೆ, 1930ರ ಮೇ ತಿಂಗಳಲ್ಲಿ, ಸೋಲಾಪುರದಲ್ಲಿ ಲಷ್ಕರಿ ಕಾಯ್ದೆ ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ ಎಂಬ ನಾಲ್ವರನ್ನು ಯರವಡಾ ಜೇಲಿನಲ್ಲಿ ನೇಣಿಗೆ ಹಾಕಿದರು. ಹಲಸಂಗಿಗೆ ಇದು ದೂರದ ಸುದ್ದಿಯಲ್ಲ. ಸೋಲಾಪುರ ಎಂದರೆ ಈ ಸೀಮೆಯವರಿಗೆ ಸಂತೆಗೆ, ಗಿರಣಿಯ ಕೂಲಿಗೆ ಹೋಗಿಬರುವ ಊರು. ದೇಶಕ್ಕೆ ದೇಶವೇ ಒಂದೇ ದನಿಯಲ್ಲಿ ಕೂಗಬೇಕು ಎಂಬ ಹೊತ್ತಿನಲ್ಲಿ ತವರಿನ ಹಾಡು, ಅತ್ತೆಯ ಹಾಡು, ಅಣ್ಣನ ಹಾಡು ಬರೆದುಕೊಳ್ಳುತ್ತ ಕೂರುವುದೆಂದರೆ ಏನು? ಒಳ್ಳೆಯ ಕಾರ್ಯಕ್ಕಾಗಿ ಕೂಡಿದ ಮಂದಿಯೂ ಮಂದಿಯೇ. ಅದಕ್ಕೂ ತನ್ನ ಹುಕುಮು ಇರುತ್ತದೆ, ತನ್ನ ಹಾದಿ ಬಿಟ್ಟವನನ್ನು ಅದೂ ಕೆಂಗಣ್ಣಿನಿಂದ ನೋಡುತ್ತದೆ. ಈ ಹುಡುಗರು ದೇಶದ ಕೆಲಸಕ್ಕೆ ಬೆನ್ನು ತಿರುಗಿಸಿದರು ಎಂದು ನಾನು ಹೇಳಲಾರೆ. ತಮ್ಮ ಕೆಲಸ ಯಾವುದೆಂದು ತಾವೇ ಗೊತ್ತುಮಾಡಿಕೊಂಡರು, ಅಷ್ಟೆ. ಅದು ಸಣ್ಣ ಮಾತಲ್ಲ.

ಪ್ರಕರಣದ ಗಟ್ಟಿ ಭಾಗ ಮಧುರಚೆನ್ನರ ಒಳಗಿನದು. ದೇವರಿದ್ದಾನೆ ಎಂಬುದನ್ನು ಹಿರಿಯರು ಹೇಳಿದರು, ಊರು ನಂಬಿತು ಎಂಬ ಕಾರಣಕ್ಕೆ ಒಪ್ಪಲು ಅವರ ಮನಸ್ಸು ಸಿದ್ಧವಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಶ್ರದ್ಧೆ ಕಳಚಿತು. ತೊಳಲಾಟ ವರ್ಷಗಟ್ಟಲೆ ನಡೆಯಿತು. ಅದನ್ನು ಅವರು ಮುಚ್ಚಿಡಲಿಲ್ಲ. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮಕಥನದ ಬರಹಗಳಲ್ಲಿ ತೆರೆದಿಟ್ಟರು. ಹೆಸರುಗಳೇ ಹಾದಿಯನ್ನು ಹೇಳುತ್ತವೆ. ಪಟ್ಟಣದಲ್ಲಿ ಕೂತು ನಾಸ್ತಿಕನಾಗುವುದು ಒಂದು, ಹಲಸಂಗಿಯಂಥ ಊರಿನಲ್ಲಿ ಕೂತು ಅನುಮಾನಿಸುವುದು ಇನ್ನೊಂದು. ಹಳ್ಳಿಯಲ್ಲಿ ಜಾತ್ರೆಯ ತೇರಿನ ಹಗ್ಗಕ್ಕೆ ಯಾರು ಕೈ ಹಚ್ಚಿದರು, ಯಾರು ಹಚ್ಚಲಿಲ್ಲ ಎಂಬುದು ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತದೆ. ‘ನಾಕ ಮಂದಿ ಏನಂದಾರು’ ಎಂಬ ಒಂದು ಮಾತು ಸಾಕು, ಎಷ್ಟೋ ಜನರ ಪ್ರಶ್ನೆ ಗಂಟಲಲ್ಲೇ ಉಳಿದುಬಿಡುತ್ತದೆ. ಆ ನಾಕು ಮಂದಿ ಯಾರು ಎಂದು ಕೇಳಿದರೆ ಯಾರ ಹೆಸರೂ ಬರುವುದಿಲ್ಲ, ಅದು ಬೇರೆ ಮಾತು.

ಮಧುರಚೆನ್ನ ಹೇಗೆ ತಡೆದುಕೊಂಡರು? ಮಹಾ ಧೀರರಿದ್ದರು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನಗೆ ಆ ಉತ್ತರದಲ್ಲಿ ನಂಬಿಕೆ ಕಡಿಮೆ. ಅವರ ಪಕ್ಕಕ್ಕೆ ಲಿಂಗಣ್ಣ ಇದ್ದರು, ರೇವಪ್ಪ ಇದ್ದರು, ಧೂಲಾಸಾಹೇಬ ಇದ್ದರು. ಅನುಮಾನವನ್ನು ಹೇಳಿಕೊಂಡರೆ ಎದ್ದು ಹೋಗದ ಮೂರು ನಾಲ್ಕು ಜನ. ಆ ಕೂಟದಲ್ಲಿ ಒಬ್ಬ ಮುಸಲ್ಮಾನನೂ ಇದ್ದ, ಎಲ್ಲರೂ ಒಂದೇ ದೇವರಿಗೆ ಒಂದೇ ರೀತಿ ಕೈಮುಗಿಯಬೇಕೆಂಬ ಕಟ್ಟಳೆ ಅಲ್ಲಿ ಮೊದಲಿನಿಂದಲೂ ಇರಲು ಸಾಧ್ಯವಿರಲಿಲ್ಲ ಎಂಬುದನ್ನು ಮರೆಯಬಾರದು. ಕೆಲಸದಲ್ಲೂ ಹಾಗೆಯೇ. ಗರತಿಯ ಹಾಡಿನ ನಂತರ ಎಲ್ಲರೂ ಅದನ್ನೇ ಮುಂದುವರಿಸಲಿಲ್ಲ. 1933ರ ‘ಜೀವನ ಸಂಗೀತ’ದಲ್ಲಿ ಲಿಂಗಣ್ಣ, ಧೂಲಾಸಾಹೇಬ ಲಾವಣಿಗಳ ಕಡೆ ಹೊರಳಿದರು, 1935ರಲ್ಲಿ ರೇವಪ್ಪನವರು ‘ಮಲ್ಲಿಗೆ ದಂಡೆ’ ತಂದರು, ಮಧುರಚೆನ್ನ ‘ನನ್ನ ನಲ್ಲ’ದ ಕವಿಯಾದರು. ಗುಂಪು ಒಂದು, ಹಾದಿ ಹಲವು.

ಇಲ್ಲಿಗೆ ಮುಗಿಸಿದರೆ ಕಥೆ ಚೆಂದವಾಗಿರುತ್ತಿತ್ತು. ಮುಂದಿನದು ಅಷ್ಟು ಸಲೀಸಲ್ಲ. ಹಿರಿಯರ ಮಾತಿಗೆ ತಲೆ ಬಾಗದ ಅದೇ ಮಧುರಚೆನ್ನ ಪುದುಚೇರಿಯ ಶ್ರೀ ಅರವಿಂದರಿಗೆ ತಲೆ ಬಾಗಿದರು, ಪೂರ್ತಿಯಾಗಿ. ಗೆಳೆಯರೂ ಆ ಕಡೆ ಸೆಳೆಯಲ್ಪಟ್ಟರು. ಪ್ರಶ್ನಿಸಿದವನೇ ಶರಣಾದನಲ್ಲ, ಹಾಗಾದರೆ ಆ ಪ್ರಶ್ನೆಗೆ ಅರ್ಥವೇನು ಎಂದು ಯಾರಾದರೂ ಕೇಳಬಹುದು. ಕೇಳಬೇಕು ಕೂಡ. ಎರಡು ಸಂಗತಿ ನನಗೆ ಕಾಣುತ್ತವೆ. ಅರವಿಂದರು 1926ರಿಂದ ಕೋಣೆಯೊಳಗೆ ಏಕಾಂತಕ್ಕೆ ಸರಿದವರು, ವರ್ಷದಲ್ಲಿ ಕೆಲವೇ ದಿನ ದರ್ಶನ. ಹಲಸಂಗಿಯ ಒಬ್ಬ ಯುವಕ ಬರಲಿ, ಬಿಡಲಿ, ಅವರು ಕರೆಸಿಕೊಳ್ಳುವವರಲ್ಲ, ಬಾರದಿದ್ದರೆ ದಂಡ ಹಾಕುವವರೂ ಅಲ್ಲ. ಎರಡನೆಯದು, ಮಧುರಚೆನ್ನರ ಶರಣಾಗತಿ ಕಾಳರಾತ್ರಿಯನ್ನು ದಾಟಿದ ಮೇಲಿನದು. ಬಿಟ್ಟುಬಿಡಬಲ್ಲವನು ಹಿಡಿದುಕೊಂಡದ್ದು. ಮನೆಯಲ್ಲಿ ಹೇಳಿದರೆಂದು, ಊರು ಬಿಡುವುದಿಲ್ಲವೆಂದು ಬಾಗಿದ ತಲೆಗೂ ಇದಕ್ಕೂ ಫರಕು ಇದೆ. ಆದರೆ ಗೆಳೆಯರ ವಿಷಯ? ಅವರು ಸ್ವತಃ ಹುಡುಕಿ ಅಲ್ಲಿಗೆ ಮುಟ್ಟಿದರೋ, ಮುಂದಾಳು ಹೋದನೆಂದು ಹಿಂದೆ ಹೋದರೋ? ಇದರಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ಪ್ರೀತಿಯ ಗೆಳೆತನ ಕೂಡ ಹುಕುಮಿನಷ್ಟೇ ಬಿಗಿಯಾಗಿ ಎಳೆಯಬಲ್ಲದು. 1953ರ ಆಗಸ್ಟ್ 15ರಂದು, ಅರವಿಂದರ ಹುಟ್ಟಿದ ದಿನವೇ, ಮಧುರಚೆನ್ನ ತೀರಿಕೊಂಡರು. ಅದಾದ ಮೇಲೆ ಲಿಂಗಣ್ಣ ನಾಲ್ವತ್ತು ವರ್ಷ ಬದುಕಿ, ಜನಪದದ ಮೇಲೆ ತಮ್ಮದೇ ರೀತಿಯಲ್ಲಿ ರಾಶಿ ರಾಶಿ ಬರೆದರು, ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮುಂದಾಳು ಹೋದ ಮೇಲೂ ಹಿಂದಿನವನು ನಡೆಯುತ್ತಿದ್ದರೆ ಅವನಿಗೆ ಸ್ವಂತ ಕಾಲಿದ್ದವು ಎಂದೇ ಲೆಕ್ಕ.

ಮಧುರಚೆನ್ನರ ಪಕ್ಕಕ್ಕಿದ್ದಂಥ ಜೊತೆಗಾರರ ಬೆಲೆಯನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆ್ಯಶ್ 1951ರಲ್ಲಿ ಒಂದು ಪ್ರಯೋಗದ ವರದಿ ಬರೆದ. ಒಂದು ಕೋಣೆಯಲ್ಲಿ ಏಳೆಂಟು ಜನ. ಒಂದು ಹಾಳೆಯ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸರಿಸಮ ಎಂದು ಹೇಳಬೇಕು. ಚಿಕ್ಕ ಹುಡುಗನಿಗೂ ಗೊತ್ತಾಗುವಂಥದು. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆ್ಯಶ್‌ನ ಕಡೆಯವರು. ಗೊತ್ತಿದ್ದೇ ಒಕ್ಕೊರಲಿನಿಂದ ತಪ್ಪು ಹೇಳುವವರು. ಒಂಟಿಯಾಗಿ ಕೇಳಿದಾಗ ತಪ್ಪು ನೂರಕ್ಕೆ ಒಂದೂ ಇರಲಿಲ್ಲ. ಗುಂಪಿನ ನಡುವೆ ಕೂಡಿಸಿ ಕೇಳಿದಾಗ ನೂರಕ್ಕೆ ಸುಮಾರು 37 ಉತ್ತರಗಳು ಗುಂಪಿನ ತಪ್ಪನ್ನೇ ಒಪ್ಪಿಕೊಂಡವು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಆ ಒಂಟಿಯ ಜೊತೆಗೆ ಸರಿಯಾದ ಉತ್ತರ ಹೇಳುವ ಒಬ್ಬನೇ ಒಬ್ಬನನ್ನು ಕೂಡಿಸಿದರೆ ತಪ್ಪು ಕಾಲುಭಾಗಕ್ಕೆ ಇಳಿಯಿತು. ಆ ಜೊತೆಗಾರ ನಡುವೆ ಗುಂಪಿನ ಕಡೆ ಹಾರಿದಾಗ ತಪ್ಪು ಮತ್ತೆ ಸರ್ರನೆ ಏರಿತು.

ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು ಇನ್ನೂ ಕರಾಳ. ಬೂದು ಬಣ್ಣದ ಕೋಟು ತೊಟ್ಟ ಒಬ್ಬ ‘ಮುಂದುವರಿಸಿ’ ಎನ್ನುತ್ತಾನೆ. ಪಕ್ಕದ ಕೋಣೆಯ ಮನುಷ್ಯನಿಗೆ ಶಾಕ್ ಕೊಡುವ ಗುಂಡಿ ಒತ್ತಬೇಕು. ನಿಜವಾದ ಶಾಕ್ ಯಾರಿಗೂ ತಾಗುತ್ತಿರಲಿಲ್ಲ, ಒತ್ತುವವನಿಗೆ ಅದು ಗೊತ್ತಿರಲಿಲ್ಲ. ನಲವತ್ತು ಜನರಲ್ಲಿ 26 ಜನ ಕೊನೆಯ 450 ವೋಲ್ಟಿನವರೆಗೂ ಒತ್ತಿದರು. ಎಲ್ಲ ನಾಟಕ ಎಂಬ ಗುಮಾನಿ ಕೆಲವರಿಗೆ ಬಂದಿತ್ತು ಎಂದು ಹಳೆಯ ಕಡತ ಕೆದಕಿದವರು ತಕರಾರು ಎತ್ತಿದ್ದಾರೆ, ಆ ತಕರಾರಿನಲ್ಲಿ ಹುರುಳಿದೆ. ಆದರೂ ಅದೇ ಪ್ರಯೋಗದ ಒಂದು ಬಗೆಯನ್ನು ನೋಡಿ. ಪಕ್ಕದಲ್ಲಿ ಕೂತ ಇಬ್ಬರು ‘ನಾವು ಇನ್ನು ಮಾಡುವುದಿಲ್ಲ’ ಎಂದು ಎದ್ದಾಗ, ಕೊನೆಯವರೆಗೆ ಹೋದವರು ನಲವತ್ತರಲ್ಲಿ ನಾಲ್ವರು ಮಾತ್ರ. ಕೋಟು ಅದೇ, ಹುಕುಮು ಅದೇ. ಬದಲಾದದ್ದು ಪಕ್ಕದ ಕುರ್ಚಿ.

ಒಬ್ಬಂಟಿ ಧೀರನ ಕಥೆ ಹೇಳಿ ಹೇಳಿ ನಾವು ಮಕ್ಕಳಿಗೆ ಅನ್ಯಾಯ ಮಾಡಿದ್ದೇವೆ ಎಂದು ನನಗೆ ಅನ್ನಿಸುವುದುಂಟು. ‘ಜಗತ್ತೇ ಎದುರಾದರೂ ನಿಲ್ಲು’ ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದು ತಮ್ಮ ಕೈಲಾಗದ ಕೆಲಸ ಎಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಬಸವಣ್ಣನ ಕಥೆಯನ್ನೇ ನೋಡಿ. ಬಸವನ ಬಾಗೇವಾಡಿ ನಮ್ಮ ಜಿಲ್ಲೆಯದೇ ಊರು. ಪುರಾಣಗಳು ಒಂದೇ ತೆರನಾಗಿ ಹೇಳುವುದಿಲ್ಲ: ಹರಿಹರನ ರಗಳೆಯಲ್ಲಿ ಬಸವಣ್ಣ ದೊಡ್ಡವನಾದ ಮೇಲೆ ಜನಿವಾರ ಹರಿದು ಕಪ್ಪಡಿಸಂಗಮದ ಹಾದಿ ಹಿಡಿಯುತ್ತಾನೆ, ಪಾಲ್ಕುರಿಕೆ ಸೋಮನಾಥ, ಭೀಮಕವಿಯರ ಪುರಾಣಗಳಲ್ಲಿ ಬಾಲಕನಾಗಿದ್ದಾಗಲೇ ಉಪನಯನವನ್ನು ಬೇಡವೆನ್ನುತ್ತಾನೆ. ನಮ್ಮ ಜನ ಕಟ್ಟಿಕೊಂಡ ಕಥೆಯಲ್ಲಿ ಇನ್ನೊಂದು ಸೇರಿದೆ: ಅಕ್ಕನಿಗೆ ಇಲ್ಲದ್ದು ನನಗೇಕೆ ಎಂದು ಕೇಳಿದನಂತೆ, ಅಕ್ಕ ನಾಗಮ್ಮ ಅವನೊಂದಿಗೆ ಹೊರಟಳಂತೆ. ಚರಿತ್ರೆಯ ಕಟಕಟೆಯಲ್ಲಿ ಇದು ನಿಲ್ಲುತ್ತದೋ ಇಲ್ಲವೋ, ಎಂಟು ನೂರು ವರ್ಷ ಹೇಳುತ್ತ ಬಂದ ಜನಕ್ಕೆ ಒಂದು ಅರಿವು ಇತ್ತು. ಮನೆ ಬಿಟ್ಟ ಹುಡುಗನನ್ನು ಅವರು ಒಬ್ಬನೇ ಕಳಿಸಲು ಒಪ್ಪಲಿಲ್ಲ.

ಗರತಿಯ ಹಾಡಿನ ಹೆಂಗಸರ ಕಡೆಗೆ ಬರೋಣ. ಅವರಿಗಿಂತ ಹೆಚ್ಚು ಹುಕುಮಿನಲ್ಲಿ ಬದುಕಿದವರು ಯಾರಿದ್ದರು? ಅತ್ತೆಯ ಮಾತು, ಗಂಡನ ಮಾತು, ಮಾವನ ಮುಂದೆ ಸೆರಗು. ಹಗಲೆಲ್ಲ ತಗ್ಗಿಸಿದ ತಲೆ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತಾಗ ಮಾತ್ರ ಬಾಯಿ ಬಿಚ್ಚುತ್ತಿತ್ತು. ತವರಿನ ನೆನಪು, ಅತ್ತೆಯ ಮೇಲಿನ ಸಿಟ್ಟು, ಬಂಜೆಯೆಂದು ಅನ್ನಿಸಿಕೊಂಡವಳ ಸಂಕಟ, ಎಲ್ಲ ಮೂರು ಸಾಲಿನ ತ್ರಿಪದಿಯಲ್ಲಿ. ಇದೆಲ್ಲ ಅತ್ತೆಗೆ ಕೇಳಿಸುತ್ತಿರಲಿಲ್ಲವೇ? ಕೇಳಿಸುತ್ತಿತ್ತು. ಹಾಡು ಎಂಬ ಆಸರೆ ಇತ್ತು: ‘ನಾ ಎಲ್ಲಿ ಅಂದೆ ಅತ್ತೀ, ಪದ ಹಂಗ ಐತಿ.’ ಆದರೆ ಆಸರೆ ಹಾಡಿನದಷ್ಟೇ ಅಲ್ಲ. ಜೋಳ ಬೀಸುವ ಕಲ್ಲಿಗೆ ಎದುರು ಬದುರು ಇಬ್ಬರು ಕೂರುತ್ತಾರೆ, ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ದನಿಗೂಡಿಸಬೇಕು. ನೆಗೆಣ್ಣಿಯೋ, ನಾದಿನಿಯೋ, ಪಕ್ಕದ ಮನೆಯವಳೋ, ಯಾರೋ ಒಬ್ಬಳು ‘ಹೌದು’ ಎನ್ನುವಂತೆ ಹಾಡನ್ನು ಮುಂದಕ್ಕೆ ಒಯ್ದಳು. ಹಾಗೆ ಒಯ್ದಿದ್ದರಿಂದಲೇ ಅವು ಹಲಸಂಗಿಯ ಹುಡುಗರ ಕಿವಿಯವರೆಗೆ ಉಳಿದು ಬಂದವು. ಯಾವ ಹಾಡು ಯಾವ ಹೆಣ್ಣುಮಗಳದೆಂದು ಇವತ್ತು ಹೇಳಲು ಬರುವುದಿಲ್ಲ. ತನ್ನತನ ಎಂದರೆ ಹೆಸರು ಹಾಕಿಕೊಳ್ಳುವುದು ಎಂದು ತಿಳಿದ ನಮ್ಮ ಕಾಲದವರಿಗೆ ಇದು ಸೋಲಿನಂತೆ ಕಾಣಬಹುದು. ನನಗೆ ಹಾಗೆ ಕಾಣದು, ಆದರೂ ಆ ಹೆಸರುಗಳು ಗೊತ್ತಿದ್ದರೆ ಚೆನ್ನಾಗಿತ್ತು.

ವಿಚಿತ್ರವೆಂದರೆ, ಎದುರು ಮಾತು ಕೇಳಲು ಬಾರದ ಊರುಗಳಲ್ಲ ನಮ್ಮವು. ಗೀಗೀ ಮೇಳದಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಂಗಡ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು ಜವಾಬು. ಬೆಳಗಾಗುವವರೆಗೆ ಊರು ಎದ್ದು ಹೋಗುವುದಿಲ್ಲ. ಹಲಸಂಗಿಯ ಖಾಜಾಭಾಯಿ ಇಂಥ ಲಾವಣಿಯ ಲೋಕದ ದೊಡ್ಡ ಹೆಸರು. ಆದರೆ ಮರುದಿನ ಅದೇ ಜನ ದೈವ, ಅಂದರೆ ಊರ ಸಭೆ, ಕೂಡಿದಾಗ ಒಬ್ಬ ಎದ್ದು ‘ಇದು ಸರಿಯಲ್ಲರಿ’ ಎಂದರೆ ‘ಕುಂದ್ರೋ, ಹಿರ್ಯಾರು ಹೇಳ್ಯಾರ’ ಎಂದು ಬಾಯಿ ಮುಚ್ಚಿಸುತ್ತಾರೆ. ಹಾಡಿನಲ್ಲಿ ಎದುರಾಳಿಗೂ ಒಂದು ಮೇಳವಿದೆ. ದೈವದ ಮುಂದೆ ಅವನು ಒಬ್ಬನೇ.

ಬಹಿಷ್ಕಾರ ಹಾಕುವವರಿಗೆ ಈ ಗುಟ್ಟು ಆ್ಯಶ್‌ನಿಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ಒಂದು ಮನೆಯನ್ನು ಊರು ದೂರವಿಡುವಾಗ ಮೊದಲ ಪೆಟ್ಟು ಆ ಮನೆಗಿಂತ ಅದರ ನೆರೆಯವರಿಗೆ ಬೀಳುತ್ತದೆ: ಅವರ ಜೊತೆ ಮಾತಾಡಿದವರಿಗೆ ಇಷ್ಟು ದಂಡ, ಕಿರಾಣಿ ಕೊಟ್ಟವರಿಗೆ ಇಷ್ಟು, ಮದುವೆಗೆ ಕರೆದವರಿಗೆ ಇಷ್ಟು. ‘ಕಾಕಾ, ಅವರ ಮನಿ ಕಡಿ ಹೋಗಬ್ಯಾಡ, ನಮಗೂ ದಂಡ ಹಾಕ್ತಾರ’ ಎಂದು ಮನೆಯ ಹುಡುಗನೇ ಹಿರಿಯನ ತೋಳು ಹಿಡಿಯುತ್ತಾನೆ. ಅವನಲ್ಲಿ ದ್ವೇಷವಿಲ್ಲ, ಹೆದರಿಕೆ ಇದೆ. ದಂಡದ ಗುರಿ ಇರುವುದು ಪಕ್ಕದ ಕುರ್ಚಿಯ ಮೇಲೆ. ಅದು ಖಾಲಿಯಾದರೆ ತಪ್ಪಿತಸ್ಥ ಎನ್ನಿಸಿಕೊಂಡವನು ತಾನಾಗಿ ಬಂದು ಕಾಲು ಹಿಡಿಯುತ್ತಾನೆ ಎಂಬುದು ದೈವದ ಲೆಕ್ಕ. ಹೆಚ್ಚಿನ ಸಲ ಆ ಲೆಕ್ಕ ತಪ್ಪುವುದಿಲ್ಲ. ದೈವದ ನಡುವೆ ಕೂತವರು ಕೇಡಿಗರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಅರ್ಧ ಜನರಿಗೆ ಮನಸ್ಸಿನಲ್ಲಿ ಒಪ್ಪಿಗೆ ಇರುವುದಿಲ್ಲ. ಪ್ರತಿಯೊಬ್ಬನೂ ಉಳಿದವರೆಲ್ಲ ಒಪ್ಪಿದ್ದಾರೆಂದು ತಿಳಿದು ಸುಮ್ಮನಿರುತ್ತಾನೆ.

ಕಾಯ್ದೆ ಇರಲಿಲ್ಲವೆಂದಲ್ಲ. ಮುಂಬಯಿ ಸರಕಾರ 1949ರಲ್ಲೇ ಬಹಿಷ್ಕಾರ ತಡೆ ಕಾಯ್ದೆ ಮಾಡಿತು, ಆಗ ಮುಂಬಯಿ ಪ್ರಾಂತದಲ್ಲಿದ್ದ ಚಡಚಣ, ಇಂಡಿ, ಸಿಂದಗಿಗಳಿಗೂ ಅದು ಅನ್ವಯಿಸುತ್ತಿತ್ತು. ದಾವೂದಿ ಬೋಹ್ರಾ ಸಮಾಜದ ಧರ್ಮಗುರು ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1962ರಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಆ ಕಾಯ್ದೆಯನ್ನು ರದ್ದುಮಾಡಿದರು. ಪಂಗಡದಿಂದ ಹೊರಹಾಕುವುದು ಧರ್ಮದ ಒಳಗಿನ ಹಕ್ಕು ಎಂದು ಅವರ ವಾದ. ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಒಬ್ಬರೇ ಬೇರೆ ತೀರ್ಪು ಬರೆದು, ಕಾಯ್ದೆ ಉಳಿಯಬೇಕೆಂದರು. ಆ ಪೀಠದಲ್ಲಿ ಅವರಿಗೆ ಜೊತೆಗಾರ ಸಿಗಲಿಲ್ಲ. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾಯ್ದೆ ಮಾಡಿ ಜೇಲು, ದಂಡ ಎರಡನ್ನೂ ಇಟ್ಟಿತು. 1962ರ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಕೋರ್ಟಿನ ಕೆಲಸ ಕೋರ್ಟು ಮಾಡಲಿ. ನಿಮ್ಮ ಓಣಿಯಲ್ಲಿ ಯಾವುದಾದರೂ ಮನೆಯನ್ನು ಹೀಗೆ ದೂರ ಇಟ್ಟಿದ್ದರೆ, ಅವರ ಪರವಾಗಿ ಭಾಷಣ ಮಾಡಿರೆಂದು ನಾನು ಕೇಳುವುದಿಲ್ಲ. ಅವರು ಮಾಡಿದ್ದೆಲ್ಲ ಸರಿ ಎಂದು ಒಪ್ಪಬೇಕಾಗಿಯೂ ಇಲ್ಲ. ಹಾಡಹಗಲು, ಕಟ್ಟೆಯ ಮೇಲಿನವರು ನೋಡುತ್ತಿರುವಾಗ, ಆ ಮನೆಗೆ ಹೋಗಿ ಒಂದು ಕಪ್ಪು ಚಹಾ ಕುಡಿದು ಬನ್ನಿ. ಸಾಧ್ಯವಾದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.